ಎಷ್ಟು ಎಳೆ? ಯಾವ ಬಣ್ಣ?

ಯಾವ ಪ್ರಶ್ನಪತ್ರಿಕೆಯಲ್ಲಿಯೂ ಬಾರದ ಈ ಎರಡು ಪ್ರಶ್ನೆಗಳು ಕಳೆದ ಬೇಸಿಗೆಯ ರಜೆಯಲ್ಲಿ ನನ್ನನ್ನು ಚೆನ್ನಾಗಿ ಪರೀಕ್ಷಿಸಿದವು. ಮೊದಲ ಸಲ ನಾನು ನಪಾಸಾದೆನೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ನಮ್ಮದು ಧಾರವಾಡದ ಕಡೆಯ ಮನೆ. ಅಜ್ಜಿಯ ಕೈ ಕಸೂತಿಯಲ್ಲಿ ಪಳಗಿದ್ದು. ಗಾವಂತಿ, ಮುರ್ಗಿ, ನೇಗಿ, ಮೆಂತಿ ಎಂದು ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳು. ಮೆಂತಿಯೆಂದರೆ ಕ್ರಾಸ್ ಸ್ಟಿಚ್ಚೇ. ಒಂದರ ಮೇಲೊಂದು ಅಡ್ಡಹಾಯ್ದ ಎರಡು ಗೆರೆ. ಮೆಂತ್ಯದ ಕಾಳಿನಂತೆ ಕಾಣುವುದರಿಂದ ಆ ಹೆಸರು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಕರಿಯ ಇಳಕಲ್ ಸೀರೆಯ ಮೇಲೆ, ಸೆರಗಿನ ಪಕ್ಕದಲ್ಲಿ, ಅಜ್ಜಿ ತುಳಸಿ ವೃಂದಾವನವೊಂದರ ಅಂಚು ತೆಗೆದು ಒಳಗೆ ಅರ್ಧ ಮೆಂತಿ ತುಂಬಿದ್ದಳು. ಅಷ್ಟರಲ್ಲಿ ಕಣ್ಣು ಮಂಜಾಯಿತು. "ಉಳಿದದ್ದು ನೀ ಮುಗಸು" ಎಂದು ಸೂಜಿಯನ್ನು ನನ್ನ ಕೈಗಿತ್ತಳು.

ಪೇಟೆಯ ಕಸೂತಿ ನೂಲಿನ ಲಡಿಯಲ್ಲಿ ಆರು ಎಳೆಗಳು. ಅವನ್ನು ಬಿಡಿಸಿ ಬೇಕಾದಷ್ಟನ್ನೇ ಪೋಣಿಸಬೇಕು. ಅಂಗುಲಕ್ಕೆ 14 ಚೌಕಗಳಿರುವ ಬಟ್ಟೆಗೆ ಸಾಮಾನ್ಯವಾಗಿ ಎರಡೆಳೆ, 11ರದಕ್ಕೆ ಮೂರು, 18ರದಕ್ಕೆ ಒಂದೇ ಸಾಕು. ಚೌಕ ಚಿಕ್ಕದಾದಷ್ಟೂ ನೂಲು ತೆಳ್ಳಗಿರಬೇಕು. ಕೈಮಗ್ಗದ ಸೀರೆಯ ನೇಯ್ಗೆಯಂತೂ ಬಹಳ ಒತ್ತು. ಇದು ನನಗೆ ತಿಳಿಯದ ವಿಷಯವಲ್ಲ. ಆದರೆ ಬೇಗ ಮುಗಿಸುವ ಆಸೆ. ಅಜ್ಜಿ ಒಂದೆಳೆಯಲ್ಲಿ ಹೊಲಿದಿದ್ದ ಕಡೆ ನಾನು ಮೂರೆಳೆ ಪೋಣಿಸಿ, ಎಣಿಕೆಯನ್ನೂ ಹಿಗ್ಗಿಸಿ, ದೊಡ್ಡ ದೊಡ್ಡ ಕಾಳು ಹಾಕಿದೆ. ಬಣ್ಣವನ್ನು ಅಂಗಡಿಯ ದೀಪದ ಕೆಳಗೇ ಆರಿಸಿ ತಂದಿದ್ದೆ. "ಅಜ್ಜಿಗೆ ಹೇಗೂ ಕಾಣುವುದಿಲ್ಲವಲ್ಲ" ಎಂಬ ಮಾತು ಮನಸ್ಸಿನ ಮೂಲೆಯಲ್ಲಿ ಇತ್ತೆಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ನಾಲ್ಕನೆಯ ದಿನ ಅಜ್ಜಿ ಸೀರೆಯನ್ನು ತೊಡೆಯ ಮೇಲೆ ಹರವಿ ಬೆರಳಾಡಿಸಿದಳು. "ಇದು ಮೆಂತಿ ಅಲ್ಲವಾ, ಕಡ್ಲಿ!" ಎಂದಳು.

ಬಿಸಿಲಿಗೆ ಹಿಡಿದು ನೋಡಿದೆ. ಬಟ್ಟೆ ಸುಕ್ಕುಗಟ್ಟಿತ್ತು. ಅಂಗಡಿಯಲ್ಲಿ ಬದನೆಕಾಯಿಯಂತೆ ಹೊಳೆದಿದ್ದ ನೇರಳೆ ಬಣ್ಣ ಕರಿಯ ಸೀರೆಯಲ್ಲಿ ಮುಳುಗಿಹೋಗಿತ್ತು. ಬಿಚ್ಚಲು ಎರಡು ದಿನ ಹಿಡಿಯಿತು.

ಆಮೇಲೆ ಲಡಿಗಳನ್ನು ಸೀರೆಯ ಮೇಲೆಯೇ ಇಟ್ಟು, ಅಂಗಳದ ಬೆಳಕಿನಲ್ಲಿ ಆರಿಸತೊಡಗಿದೆ. ಬರೀ "ಕೆಂಪು" ಎಂದರೆ ಅಜ್ಜಿ ಬಿಡಳು. "ಯಾವ ಕೆಂಪು? ಕುಂಕುಮದ್ದೋ, ದಾಸಾಳದ್ದೋ?" ಹಸಿರೆಂದರೆ, "ಗಿಳಿದೋ, ಬಾಳಿ ಎಲಿದೋ?" ಉತ್ತರ ಹೇಳಬೇಕಾದರೆ ನಾನು ನಿಜವಾಗಿ ನೋಡಲೇಬೇಕಾಯಿತು. ಕೆಂಪು ನೂಲನ್ನು ಒದ್ದೆಯ ಬಿಳಿ ಬಟ್ಟೆಯಲ್ಲಿ ಒತ್ತಿ, ಬಣ್ಣ ಬಿಡದೆಂದು ಖಾತ್ರಿ ಮಾಡಿಕೊಂಡೆವು. ಬೇಕಾದ ಲಡಿಗಳನ್ನೆಲ್ಲ ಒಂದೇ ಸಲ ಕೊಂಡೆವು. ಒಂದೇ ಸಂಖ್ಯೆಯ ಬಣ್ಣವೂ ಬೇರೆ ಸಲ ಅದ್ದಿದ್ದರಲ್ಲಿ ತುಸು ಬೇರೆಯಾಗುವುದುಂಟು. ಮೊದಲು ಸೀರೆಯ ಒಳತುದಿಯಲ್ಲಿ ನಾಲ್ಕು ಕಾಳು ಹಾಕಿ ನೋಡುವುದು ಅಜ್ಜಿಯ ಕ್ರಮ. ನಡುವೆ ಬಟ್ಟೆ ಇಣುಕಿದರೆ ನೂಲು ತೆಳು, ಸುಕ್ಕಾದರೆ ದಪ್ಪ.

ಕಾಲೇಜು ತೆರೆಯುವ ಹಿಂದಿನ ದಿನ ವೃಂದಾವನ ಮುಗಿಯಿತು. ಅಜ್ಜಿ ಮತ್ತೆ ಬೆರಳಾಡಿಸಿದಳು. ಒಂದು ಕಡೆ ಬೆರಳು ನಿಂತಿತು. "ಇಲ್ಲಿಂದ ನಿಂದು" ಎಂದಳು. ನನ್ನ ಎದೆ ಧಸಕ್ಕೆಂದಿತು.

"ಇರ್ಲಿ. ಈಗ ಮೆಂತಿ ಆಗ್ಯಾವ."

ಈ ವರ್ಷದ ಯಾವ ಅಂಕಪಟ್ಟಿಯೂ ನನಗೆ ಇಷ್ಟು ಸಂತೋಷವನ್ನು ಕೊಟ್ಟಿಲ್ಲ.