ಎಂಬತ್ತು ಸೆಂಟಿನ ರಜೆ

ನಮ್ಮ ಮನೆಗೆ ವಸಂತ ಬರುವುದು ಶಾಲೆಗಳ ಅಪ್ಪಣೆ ಪಡೆದು. ಮಗಳು ರಾಜ್ಯ ಪಠ್ಯಕ್ರಮದ ಶಾಲೆಯವಳು, ಮಗ ಸಿಬಿಎಸ್‌ಇ. ಅವನ ಪರೀಕ್ಷೆ ಮುಗಿದು ಕ್ರಿಕೆಟ್ ಬ್ಯಾಟು ಹೊರಗೆ ಬಂದಾಗ ಇವಳು ಸಮಾಜ ವಿಜ್ಞಾನವನ್ನು ಬಾಯಿಪಾಠ ಮಾಡುತ್ತಿರುತ್ತಾಳೆ. ಇವಳು ಪುಸ್ತಕ ಮಡಚಿಡುವಷ್ಟರಲ್ಲಿ ಅವನಿಗೆ ಏಪ್ರಿಲ್ 1ಕ್ಕೆ ಹೊಸ ತರಗತಿ. ಇಬ್ಬರಿಗೂ ಹೊಂದಿಕೆಯಾಗುವುದು ಮಾರ್ಚ್ ಕೊನೆಯ ಒಂದಿಷ್ಟು ದಿನ. ನಾವು ಓದುವಾಗ ಈ ತಾಪತ್ರಯ ಇರಲಿಲ್ಲ. ಏಪ್ರಿಲ್ 10ಕ್ಕೆ ಫಲಿತಾಂಶ, ಅವತ್ತೇ ರಾತ್ರಿ ಬಸ್ಸು. ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಅಜ್ಜಿ ಮನೆ ಇದ್ದದ್ದು ಒಂದೇ ಊರಿನಲ್ಲಿ.

ಬೆಂಗಳೂರಿನ ಯಶವಂತಪುರದಲ್ಲಿ ಮನೆ ಮಾಡಿದವರಿಗೆ ಕಷ್ಟ ಇನ್ನೊಂದು ತರಹದ್ದು. ಎಲ್ಲಿಗೆ ಬೇಕಾದರೂ ಹೋಗಬಹುದು. ರಾತ್ರಿ ತಾರಸಿಯಲ್ಲಿ ಬಟ್ಟೆ ತೆಗೆಯಲು ಹೋದರೆ ಸ್ಟೇಷನ್ನಿನ ಹೆಣ್ಣುದನಿ ಮೂರು ಭಾಷೆಯಲ್ಲಿ ಆಸೆ ಹುಟ್ಟಿಸುತ್ತದೆ: ಕಾರವಾರ, ವಿಜಯಪುರ, ಗೋರಖ್‌ಪುರ. ರೈಲು ಬೇಡವೆಂದರೆ ಗೊರಗುಂಟೆಪಾಳ್ಯಕ್ಕೆ ಹೋಗಿ ನಿಂತರಾಯಿತು, ತುಮಕೂರು ಶಿವಮೊಗ್ಗ ಹಾಸನ ಹುಬ್ಬಳ್ಳಿ ಅಂತ ಕಂಡಕ್ಟರುಗಳೇ ಕೂಗಿ ಕರೆಯುತ್ತಾರೆ. ಇಷ್ಟೆಲ್ಲ ಬಾಗಿಲು ತೆರೆದಿರುವುದರಿಂದಲೇ ನಮ್ಮ ಮನೆಯಲ್ಲಿ ಜನವರಿಯಿಂದ ಜಗಳ.

ಜನವರಿಯಿಂದಲೇ ಯಾಕೆಂದರೆ ರೈಲ್ವೆಯ ಲೆಕ್ಕ. ಮೊದಲು 120 ದಿನ ಮುಂಚೆ ಟಿಕೆಟ್ ಕಾಯ್ದಿರಿಸಬಹುದಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ಮಾರ್ಚ್ ಕೊನೆಗೆ ಹೊರಡುವವರು ಜನವರಿ ಕೊನೆಗೆ ಬೆಳಗ್ಗೆ ಎಂಟಕ್ಕೆ ಮೊಬೈಲ್ ಹಿಡಿದು ಕೂರಬೇಕು. ಆಗಿನ್ನೂ ಚಳಿ, ಸ್ವೆಟರು ಬಿಚ್ಚಿರುವುದಿಲ್ಲ. ಬೇಸಿಗೆಯಲ್ಲಿ ನಮಗೇನು ಬೇಕಾಗುತ್ತದೆಂದು ಯಾರಿಗೆ ಗೊತ್ತು?

ಮಗನಿಗೆ ಮನಾಲಿಯ ಹಿಮ. ಅದನ್ನು ಹಣದ ಖಾತೆಯವರು, ಅಂದರೆ ನಮ್ಮ ಯಜಮಾನರು, ಚರ್ಚೆಗೇ ತೆಗೆದುಕೊಳ್ಳಲಿಲ್ಲ. ಮಗಳಿಗೆ ಜೋಗ. ಮಾರ್ಚಿನಲ್ಲಿ ಜೋಗಕ್ಕೆ ಹೋದರೆ ರಾಜನೂ ಇಲ್ಲ, ರಾಣಿಯೂ ಇಲ್ಲ, 253 ಮೀಟರ್ ಎತ್ತರದ ಬಂಡೆಯ ಮೇಲೆ ಒಂದೆರಡು ಬಿಳಿ ಗೆರೆ. ಶರಾವತಿ 1964ರಿಂದ ಲಿಂಗನಮಕ್ಕಿಯಲ್ಲಿ ನಿಂತು ನಮ್ಮ ಮಿಕ್ಸಿ, ಫ್ಯಾನುಗಳಿಗಾಗಿ ಕಾಯುತ್ತಿರುತ್ತಾಳೆ. ಯಜಮಾನರದು ಹಗಲು ರೈಲು: ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿ, 57 ಸುರಂಗ, 2021ರಲ್ಲಿ ಯಶವಂತಪುರ–ಮಂಗಳೂರು ರೈಲಿಗೆ ಸೇರಿಸಿದ ಗಾಜಿನ ವಿಸ್ಟಾಡೋಮ್ ಬೋಗಿ. ಆ ಗಾಜಿಗೆ ಬೆಲೆ ಬರುವುದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಕೆಳಗಿಳಿದ ಮೇಲೆ ಕಾದಿರುವುದು ಕರಾವಳಿಯ ಬೆವರು. ಬಾದಾಮಿಗೆ ಹೋಗೋಣವೆಂದರೆ ಅಲ್ಲಿನ ಬಂಡೆಗಳು ಆಗ ಕಾದ ಕಾವಲಿ.

ನಮ್ಮತ್ತೆ ಮಾತ್ರ ನಿಶ್ಚಿಂತೆ. ಅವರಿಗೆ ಪ್ರತಿವರ್ಷ ಮೇಲುಕೋಟೆಯ ವೈರಮುಡಿ. ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಕಿರೀಟ ಹೊರಟು, ದಾರಿಯುದ್ದಕ್ಕೂ ಪೂಜೆ ಮಾಡಿಸಿಕೊಂಡು, ರಾತ್ರಿ ಚೆಲುವನಾರಾಯಣನ ತಲೆಗೇರುವ ಉತ್ಸವ. “ದೇವರು ಪಂಚಾಂಗ ತಪ್ಪಿಸಲ್ಲಮ್ಮ. ನಿಮ್ಮ ಜಲಪಾತದ ಹಾಗಲ್ಲ,” ಎನ್ನುತ್ತಾರೆ. ಪ್ರವಾಸದ ಯೋಜನೆ ಎಂಬ ದೃಷ್ಟಿಯಿಂದ ನೋಡಿದರೆ ಇದಕ್ಕೆ ಎದುರು ಹೇಳಲು ಏನೂ ಇಲ್ಲ.

ಇದೇ ಕಾಲದಲ್ಲಿ ನಮ್ಮ ಸ್ಟೇಷನ್ನಿನಲ್ಲಿ ಇನ್ನೊಂದು ಹೊರಡಾಟ ಇರುತ್ತದೆ. ಹೋಳಿಗೆ ಮುಂಚೆ ಉತ್ತರದ ರೈಲುಗಳ ಜನರಲ್ ಬೋಗಿಗೆ ಗಂಟೆಗಟ್ಟಲೆ ಮೊದಲೇ ಸಾಲು. ಪೀಣ್ಯದ ಕಾರ್ಖಾನೆಯವರು, ಕಟ್ಟಡ ಕೆಲಸದ ಹುಡುಗರು. ಕೈಯಲ್ಲಿ ಸೂಟ್‌ಕೇಸಿನ ಜಾಗಕ್ಕೆ ಮುಚ್ಚಳವಿರುವ ಪೇಂಟ್ ಬಕೆಟ್ಟು. ಒಳಗೆ ಬಟ್ಟೆ, ಊರಿನ ಮಕ್ಕಳಿಗೆ ಕೊಂಡ ಆಟಿಕೆ. ಸಾಲು ಮುಂದೆ ಹೋಗದಿದ್ದಾಗ ಅದೇ ಕೂರುವ ಮಣೆ, ಬೋಗಿಯಲ್ಲಿ ಜಾಗ ಸಿಗದಿದ್ದರೆ ಇಡೀ ದಾರಿಗೆ ಅದೇ ಸೀಟು. ಎಲ್ಲಿಗೆ ಹೋಗುವುದೆಂಬ ಪ್ರಶ್ನೆ ಇವರ ಮುಂದಿಟ್ಟರೆ ನಕ್ಕಾರು.

ನನ್ನ ಆಸೆ ಕಾಫಿ ಹೂವು. ಯಜಮಾನರಿಗೆ ಇದು ಅರ್ಥವಾಗುವುದಿಲ್ಲ. “ಹೂ ನೋಡಕ್ಕೆ ಇನ್ನೂರು ಕಿಲೋಮೀಟರ್ ಹೋಗ್ಬೇಕಾ?” ಎಂದು ಕೇಳುತ್ತಾರೆ. ನ್ಯಾಯವೇ. ಎಂಬತ್ತರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರಿನ ರಸ್ತೆಗಳಿಗೆ ಲಕ್ಷಗಟ್ಟಲೆ ಸಸಿ ನೆಡಿಸಿದ ಪುಣ್ಯದಿಂದ ಟ್ರಾಫಿಕ್ಕಿನಲ್ಲಿ ನಿಂತಲ್ಲೇ ಹೂ ಕಾಣುತ್ತದೆ. ಆದರೆ ರಸ್ತೆಬದಿಯ ಟಬೆಬುಯಾ ಅರಳುವುದಕ್ಕೂ ಕಾಫಿ ಅರಳುವುದಕ್ಕೂ ವ್ಯತ್ಯಾಸವಿದೆ. ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ಸುಮ್ಮನೆ ಕೂತಿರುತ್ತದೆ. ಹೂಮಳೆ ಬೀಳಬೇಕು. ಬಿದ್ದ ಎಂಟೊಂಬತ್ತು ದಿನಕ್ಕೆ ಒಂದು ಬೆಳಗ್ಗೆ ತೋಟಕ್ಕೆ ತೋಟವೇ ಬೆಳ್ಳಗೆ: ರೆಂಬೆಯ ಗೆಣ್ಣುಗೆಣ್ಣಿಗೂ ಹೂವಿನ ಗೊಂಚಲು, ಮಲ್ಲಿಗೆಗೆ ಹತ್ತಿರದ ವಾಸನೆ, ಕಿವಿ ತುಂಬ ಜೇನಿನ ಮೊರೆತ. ಮೂರು ದಿನ, ಹೆಚ್ಚೆಂದರೆ ನಾಲ್ಕು. ಆಮೇಲೆ ಕಂದು ಕಸ.

ಸಕಲೇಶಪುರದಾಚೆ ಯಜಮಾನರ ಸೋದರಮಾವನ ತೋಟವಿದೆ. ಅಲ್ಲಿಯವರು ಮಳೆಯನ್ನು ಅಳೆಯುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಫೆಬ್ರವರಿಯಿಂದ ಅವರ ಫೋನಿನಲ್ಲಿ ಯೋಗಕ್ಷೇಮಕ್ಕಿಂತ ಮೊದಲು ಅಂಕಿ. “ಎಂಬತ್ತು ಸೆಂಟ್ ಬಿತ್ತು ಕಣಮ್ಮ, ಸಾಲ್ದು.” ಸಾಲದಿದ್ದರೆ ಮೊಗ್ಗು ಅರೆಬರೆ ಅರಳಿ ಕೆಡುತ್ತದೆ. ಸಾಕಷ್ಟು ಬಿದ್ದು ಚೆನ್ನಾಗಿ ಅರಳಿತೋ, ಅರಳಿದ ದಿನ ಮಳೆ ಬರಬಾರದು, ಪರಾಗ ತೊಳೆದುಹೋಗುತ್ತದೆ. ಅದೂ ಪಾರಾಯಿತೋ, ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ ಬರಬೇಕು, ಇಲ್ಲವಾದರೆ ಕಾಯಿ ಕಚ್ಚುವುದಿಲ್ಲ. ನಾನು ರಜೆ ಎಂದುಕೊಂಡಿರುವ ಆ ಮೂರು ದಿನ ಮಾವನಿಗೆ ವರ್ಷದ ಅನ್ನ. ಹೂವಿದ್ದಾಗ ಅವರು ಆಳುಗಳನ್ನೂ ತೋಟದೊಳಗೆ ಬಿಡುವುದಿಲ್ಲ, ಮೈ ತಾಗಿ ಉದುರೀತೆಂದು. ನೆಂಟರಾದ ನಮಗೂ ಅದೇ ಕಾನೂನು; ಅಷ್ಟು ದೂರ ಹೋಗಿ ನೋಡುವುದೆಲ್ಲ ಜೀಪು ರಸ್ತೆಯ ಅಂಚಿನಿಂದ.

ತೋಟದ ಕೆಳಗಿನ ಕಡೆ ಮಾವನಿಗೆ ಒಂದಿಷ್ಟು ರೊಬಸ್ಟಾ ಕಾಫಿ ಇದೆ. ಕೆರೆಯಲ್ಲಿ ನೀರಿದ್ದರೆ ಅದಕ್ಕೆ ಮೋಡವನ್ನು ಕಾಯಬೇಕಿಲ್ಲ. ಸ್ಪ್ರಿಂಕ್ಲರ್ ತಿರುಗಿಸಿದ ವಾರಕ್ಕೆ ಹೂ. ಈ ಗುಟ್ಟು ತಿಳಿದ ದಿನ ಯಜಮಾನರ ಮುಖ ಅರಳಿತು. ರಜೆಯ ದಿನಾಂಕ ಹೇಳಿ, ಅದಕ್ಕೆ ಸರಿಯಾಗಿ ನೀರು ಹಾಯಿಸಲು ಆಗುತ್ತದೆಯೇ ಎಂದು ತಮಾಷೆಗೆ ಕೇಳಿದರು. ಮಾವ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. “ಡೀಸೆಲ್ ನೀನು ಹಾಕ್ಸಪ್ಪ, ನೀನು ಹೇಳಿದ್ ದಿನ ಅರಳಿಸ್ತೀನಿ,” ಎಂದರು. ಲೆಕ್ಕ ಹಾಕಿ ನೋಡಿದ ಮೇಲೆ ಯಜಮಾನರು ಆ ಮಾತು ಎತ್ತಿಲ್ಲ.

ಈ ಸಲ ಯಾವ ಟಿಕೆಟ್ಟನ್ನೂ ಮಾಡಿಸಿಲ್ಲ. ಮಾವನ ಅಂಕಿ ಇಂಚು ದಾಟಿದರೆ ದಿನ ಎಣಿಸಿ ಗೊರಗುಂಟೆಪಾಳ್ಯದಲ್ಲಿ ಹಾಸನದ ಬಸ್ಸು ಹತ್ತುವುದೆಂದು ಮಾತಾಗಿದೆ. ನಿನ್ನೆ ಸಂಜೆ ಫೋನ್ ಬಂತು: ನಲವತ್ತು ಸೆಂಟು, ಜೊತೆಗೆ ಬರೀ ಗುಡುಗು. ಒಳಗಿನ ಕೋಣೆಯಿಂದ ಅತ್ತೆ ತಮ್ಮ ಮಗನನ್ನು ಕೂಗಿ, ಮೇಲುಕೋಟೆಯಲ್ಲಿ ಛತ್ರಕ್ಕೆ ಹೇಳಿಟ್ಟಿದ್ದೀಯೋ ಇಲ್ಲವೋ ಎಂದು ಕೇಳಿದರು.