ಇಂಚಿನ ಬೇರಿಂಗು

ಸ್ನೋಮೊಬೈಲ್ ಕೊಂಡಿದ್ದು ಶುದ್ಧ ಹುಚ್ಚಿಗೆ. ಮಿನೆಸೋಟಾದ ಡುಲೂತ್‌ನಲ್ಲಿ ಐದು ಚಳಿಗಾಲ ಕಿಟಕಿಯಿಂದಲೇ ಹಿಮ ನೋಡಿ ಸಾಕಾಗಿ, ಎರಡು ಮೂರು ಕೈ ದಾಟಿದ ಹಳೇ ಗಾಡಿಯೊಂದನ್ನು ಮನೆಗೆ ತಂದೆ. ಮುಂದೆ ಎರಡು ಸ್ಕೀ, ಹಿಂದೆ ಸುತ್ತುವ ರಬ್ಬರ್ ಪಟ್ಟಿ. ರಿವರ್ಸ್ ಕೂಡ ಇಲ್ಲ. "ಇದ್ರ ಬದ್ಲು ಎತ್ತಿನ ಗಾಡಿ ತಗೋಬಹುದಿತ್ತು" ಅಂದಳು ಹೆಂಡತಿ.

ಮೂರನೇ ವಾರಕ್ಕೆ ಎಡಗಾಲಿನ ಹತ್ತಿರ ಗುರ್ರ್ ಅಂತ ಸದ್ದು ಶುರು. ಇಂಜಿನ್ ಆಫ್ ಮಾಡಿ, ಹಿಂಭಾಗ ಎತ್ತಿ ಸ್ಟ್ಯಾಂಡಿಗೆ ಕೊಟ್ಟು ಪಟ್ಟಿ ಅಲ್ಲಾಡಿಸಿದರೆ ಡ್ರೈವ್ ಶಾಫ್ಟಿನ ಎಡತುದಿ ಬೇರಿಂಗಿನೊಳಗೇ ಮೇಲೆ ಕೆಳಗೆ ಕುಣೀತಿದೆ. ಇಂಜಿನ್ನಿನ ಶಕ್ತಿ ಬೆಲ್ಟು, ಚೈನು ದಾಟಿ ಕೊನೆಗೆ ಪಟ್ಟಿಯನ್ನು ತಿರುಗಿಸೋದು ಈ ಶಾಫ್ಟೇ. ಮಗಳನ್ನು ಹಿಂದೆ ಕೂರಿಸಿಕೊಂಡು ಹೆಪ್ಪುಗಟ್ಟಿದ ಕೆರೆ ಮಧ್ಯದಲ್ಲಿ, ಮೈನಸ್ 20ರಲ್ಲಿ, ಇದು ಕೈಕೊಟ್ಟರೆ?

ಬೇರಿಂಗ್ ಅಂದಕೂಡಲೇ ನೆನಪಾಗೋದು ಅಪ್ಪ. ತಿಪಟೂರಿನಲ್ಲಿ ಹಿಟ್ಟಿನ ಗಿರಣಿ ನಡೆಸಿದವರು. ಸ್ಕ್ರೂಡ್ರೈವರಿನ ತುದಿ ಬೇರಿಂಗಿಗೆ, ಹಿಡಿ ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು, ಥೇಟ್ ಡಾಕ್ಟರ್ ಹಾಗೆ. ಆದರೆ ಫೋನ್ ಮಾಡೋಕೆ ಮುಜುಗರ. ಹೋದ ವರ್ಷ "ಆ ಗುಜರಿ ಮಾರಿ ಹಾಕಿ, ಎಷ್ಟು ಬೇಕೋ ನಾನು ಕಳಿಸ್ತೀನಿ" ಅಂದಿದ್ದೆ. ಆಮೇಲಿಂದ ಮಾತೆಲ್ಲ ಅಮ್ಮನ ಮೂಲಕವೇ.

ಮಾಡಿದೆ. ಇಲ್ಲಿ ಶನಿವಾರ ರಾತ್ರಿ 8, ಅಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆ. ಹೇಗಿದೀಯ, ಏನು ಅಂತ ಏನೂ ಕೇಳಲಿಲ್ಲ.

"ಕ್ಯಾಮೆರಾ ಹತ್ರ ಹಿಡಿಯೋ. ಬೇರಿಂಗ್ ಪಕ್ಕ ಕಾಲರ್ ಇದೆಯಲ್ಲ, ಅದರ ಸ್ಕ್ರೂ ಬಿಚ್ಚು. ಶಾಫ್ಟ್ ಯಾವ ಕಡೆ ತಿರುಗುತ್ತೋ ಅದರ ಉಲ್ಟಾ ತಟ್ಟು, ಸಡಿಲ ಆಗುತ್ತೆ."

ಹಿಮ ಅಂದ್ರೇನು ಅಂತ ಕಣ್ಣಲ್ಲಿ ಕಂಡಿಲ್ಲದ ಮನುಷ್ಯ. ಪಟ್ಟಿ ಸಡಿಲ ಮಾಡಿ ಬೋಲ್ಟು ತೆಗೆದು ಎಳೆದರೆ ಬೇರಿಂಗ್ ಜೊತೆ ಹರಿದ ತಗಡಿನ ಚೂರುಗಳೂ ಬಂದವು. ಹಿಂದಿನ ಯಾರೋ ಪುಣ್ಯಾತ್ಮ ಕೂಲ್‌ಡ್ರಿಂಕ್ಸ್ ಡಬ್ಬಿ ಕತ್ತರಿಸಿ ಶಾಫ್ಟಿಗೆ ಸುತ್ತಿದ್ದ! ಅಪ್ಪ ಜೋರಾಗಿ ನಕ್ಕರು. "ನಮ್ಮೋನೇ ಯಾರೋ ಇರ್ಬೇಕು. ನಂಬರ್ ಓದು."

ಓದಿದೆ. ಕೊನೆಯಲ್ಲಿ 205-16.

"ಅದು ಇಂಚಿಂದು ಕಣೋ. ಬರೀ 205 ಆದ್ರೆ, ಕೊನೇ ಐದನ್ನ ಐದರಿಂದ ಗುಣಿಸು, ಒಳಗಡೆ 25 ಮಿಲಿಮೀಟರ್. 16 ಅಂತ ಸೇರಿಸಿದ್ರೆ ಹದಿನಾರನೇ ಹದಿನಾರು, ಅಂದ್ರೆ ಪೂರ್ತಿ ಒಂದಿಂಚು. ಶಾಫ್ಟ್ ಅಳೆ."

ಕ್ಯಾಲಿಪರ್‌ನಲ್ಲಿ ಶಾಫ್ಟು ಸರಿಯಾಗಿ 25 ಮಿ.ಮೀ. ಒಂದಿಂಚು ಅಂದರೆ 25.4. ವ್ಯತ್ಯಾಸ ನಾಲ್ಕು ಹಾಳೆ ಕಾಗದದಷ್ಟು, ಅಷ್ಟೇ. ಅಷ್ಟಕ್ಕೇ ಆ ರಾದ್ಧಾಂತ. ಶಾಫ್ಟಿನ ಮೇಲೆ ಉಗುರು ಎಳೆಯೋಕೆ ಹೇಳಿದರು. ಉಗುರು ಸಿಕ್ಕಿಕೊಂಡ್ರೆ ಶಾಫ್ಟೇ ಹೋಯ್ತು ಅಂತ ಲೆಕ್ಕ. ಸಿಕ್ಕಿಕೊಳ್ಳಲಿಲ್ಲ. ಎಮರಿ ಕಾಗದದಲ್ಲಿ ಉಜ್ಜಿದೆ.

ಸೋಮವಾರ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ 25ರದ್ದು ಸಿಕ್ಕಿತು. ಹೆಬ್ಬೆರಳಲ್ಲಿ ಒತ್ತಿದರೆ ಜಾರಿ ಕೂತು, ಆಮೇಲೆ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಆ ಸುಖ ಕೋಡ್ ಕಂಪೈಲ್ ಆದಾಗ ಸಿಗಲ್ಲ, ಸುಳ್ಳು ಹೇಳಲ್ಲ. ಈ ಸಲ ಕಾಲರನ್ನು ಶಾಫ್ಟ್ ತಿರುಗೋ ಕಡೆಗೇ ತಟ್ಟಿ ಬಿಗಿ ಮಾಡಿ, ಸ್ಕ್ರೂ ಹಾಕಿ, ಗ್ರೀಸ್ ಹೊಡೆದು, ಪಟ್ಟಿ ಬಿಗಿದೆ. ಸದ್ದಿಲ್ಲ.

ರಾತ್ರಿ ವಿಷಯ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಅಲ್ಲಿ ಇಂಚಿಂದು ಸಲೀಸಾಗಿ ಸಿಗುತ್ತಾ? ಹೊಸಾದು ಎರಡು ತಗೊಂಡ್ ಬಾ. ಇಲ್ಲಿ ಅಂಗಡಿಯೋನು ಆರ್ಡರ್ ಹಾಕ್ಬೇಕು ಅಂತಾನೆ."

"ಯಾಕೆ? ಗಿರಣಿ ಮಾರಿ ಆಯ್ತು ಅಂದಿದ್ದಳಲ್ಲ ಅಮ್ಮ?"

"ಮಾರ್ತೀನಿ. ರಿಪೇರಿ ಆಗ್ಲಿ, ಮಾರ್ತೀನಿ."

ಏಪ್ರಿಲ್‌ಗೆ ಟಿಕೆಟ್ ಆಗಿದೆ. ಎರಡಲ್ಲ, ನಾಲ್ಕು ತಗೊಂಡಿದೀನಿ. ಸೂಟ್‌ಕೇಸ್ ತೂಕ ನೋಡಿ ಹೆಂಡತಿ ಇನ್ನೂ ಏನೂ ಅಂದಿಲ್ಲ.