ಐದು ನಿಮಿಷದ ಹೀರೋ

ನನ್ನ ಹೆಸರು ಕೂಗಿದರು. ಗಿಟಾರ್ ಎತ್ತಿಕೊಂಡು ಎದ್ದೆ. ದಾರಿಯಲ್ಲಿದ್ದ ಮೇಜು, ಕುರ್ಚಿಗೆಲ್ಲ ಗಿಟಾರಿನ ಕತ್ತು ತಗುಲಿಸಿಕೊಂಡು ಮೈಕಿನ ಮುಂದೆ ಹೋಗಿ ನಿಂತೆ. ಎದುರಿಗೆ ಮೂವತ್ತು ಜನ. ಬರೀ ಮೂವತ್ತು! ನಮ್ಮೂರ ಟಾಕೀಸಿನಲ್ಲಿ ಫ್ಲಾಪ್ ಚಿತ್ರದ ಮ್ಯಾಟಿನಿಗೂ ಅದಕ್ಕಿಂತ ಹೆಚ್ಚು ಜನ ಇರ್ತಾರೆ. ಆದರೂ ಕಾಲು ನಡುಗಿತು ಸ್ವಾಮೀ, ಕಾಲು!

ಅದು 2022ರ ಒಂದು ಗುರುವಾರ ಸಂಜೆ. ಬೆಂಗಳೂರಿನ ಕೋರಮಂಗಲದಲ್ಲಿ ಮಹಡಿ ಮೇಲಿನ ಪುಟ್ಟ ಕಾಫಿ ಅಂಗಡಿ. ಅಲ್ಲಿ ಓಪನ್ ಮೈಕ್ ನಡೀತಿತ್ತು.

ಓಪನ್ ಮೈಕ್ ಅಂದರೇನು ಅಂತ ಕೇಳುವ ಗೆಳೆಯರಿಗೆ ಒಂದು ಮಾತು. ಅದು ಯಾರು ಬೇಕಾದರೂ ಹತ್ತಬಹುದಾದ ವೇದಿಕೆ. ಮೊದಲೇ ಹೋಗಿ ಹೆಸರು ಬರೆಸಬೇಕು. ಒಬ್ಬೊಬ್ಬರಿಗೆ ಐದರಿಂದ ಏಳು ನಿಮಿಷ. ಕೆಲವರು ಹಾಡ್ತಾರೆ, ಕೆಲವರು ಕವಿತೆ ಓದ್ತಾರೆ, ಕೆಲವರು ಜೋಕು ಹೇಳ್ತಾರೆ. ಸಂಭಾವನೆ ಇಲ್ಲ. ಎಷ್ಟೋ ಕಡೆ ಹಾಡುವವನೇ ಪ್ರವೇಶದ ದುಡ್ಡು ಕೊಡಬೇಕು! ಹಿಂದೆ ಆರ್ಕೆಸ್ಟ್ರಾ ಇಲ್ಲ, ಕೋರಸ್ ಇಲ್ಲ. ನೀನು, ನಿನ್ನ ಆರು ತಂತಿ... ಅಷ್ಟೇ.

ಉಂಗುರ ಹೋಯ್ತು, ಗಿಟಾರ್ ಬಂತು!

ನಮ್ಮೂರು ದಾವಣಗೆರೆ. ಅಪ್ಪಾಜಿ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಶಂಕರ್‌ನಾಗ್ ಅಂದರೆ ಪ್ರಾಣ. 1981ರಲ್ಲಿ 'ಗೀತಾ' ಬಂದಾಗ ಅವರಿಗೆ ಹದಿನೆಂಟು ವರ್ಷ. ಏಳು ಸಲ ನೋಡಿದ್ದರಂತೆ. 1990ರ ಸೆಪ್ಟೆಂಬರ್ 30ರಂದು ನಮ್ಮೂರಿನ ಹತ್ತಿರ ಆನಗೋಡಿನ ಬಳಿ ಕಾರು ಅಪಘಾತದಲ್ಲಿ ಶಂಕರ್‌ನಾಗ್ ತೀರಿಕೊಂಡರಲ್ಲ, ಅವತ್ತು ಭಾನುವಾರ. ಸುದ್ದಿ ಕೇಳಿ ಅಪ್ಪಾಜಿ ಟಿಕೆಟ್ ಚೀಲ ಮಡಿಲಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತುಬಿಟ್ಟಿದ್ದರು ಅಂತ ಅವ್ವ ಹೇಳುತ್ತಾಳೆ. ಆಮೇಲೂ ಎಷ್ಟೋ ವರ್ಷ, ಬೆಳಿಗ್ಗೆ ಗಡ್ಡ ಹೆರೆಯುವಾಗ 'ಗೀತಾ' ಚಿತ್ರದ್ದೇ ಒಂದು ಹಾಡು. ನಾನು ಎದ್ದೇಳುತ್ತಿದ್ದದ್ದೇ ಆ ಹಾಡಿಗೆ.

ಆ ಚಿತ್ರದಲ್ಲಿ ಶಂಕರ್‌ನಾಗ್ ಹಾಡುಗಾರ. ಇಳಯರಾಜ ಅವರ ಸಂಗೀತ, ಚಿ. ಉದಯಶಂಕರ್ ಅವರ ಸಾಹಿತ್ಯ. ಇಳಯರಾಜರೂ ಮೊದಲು ಗಿಟಾರ್ ವಾದಕರೇ ಗೆಳೆಯರೇ! ಮದರಾಸಿನಲ್ಲಿ ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿತು, ನಮ್ಮ ಜಿ.ಕೆ. ವೆಂಕಟೇಶ್ ಅವರ ಕೈಕೆಳಗೆ ಎಷ್ಟೋ ಕನ್ನಡ ಚಿತ್ರಗಳಿಗೆ ದುಡಿದವರು. 1976ರ ತಮಿಳಿನ 'ಅನ್ನಕ್ಕಿಳಿ'ಯಿಂದ ಅವರೇ ಸಂಗೀತ ನಿರ್ದೇಶಕರಾದರು. ಇದನ್ನು ಓದಿದ ದಿನವೇ ನನಗೆ ಗಿಟಾರ್ ಹುಚ್ಚು ಹಿಡಿದದ್ದು.

ದುಡ್ಡು? ಅಜ್ಜಿ ಕೊಟ್ಟಿದ್ದ ಚಿನ್ನದ ಉಂಗುರ ಇತ್ತು. ಮಾರಿದೆ. ಗಿಟಾರ್ ತಂದೆ. ಗೆಳೆಯನದ್ದು ಅಂತ ಮನೆಯಲ್ಲಿ ಸುಳ್ಳು ಹೇಳಿದೆ. ಅಕ್ಕನ ಮದುವೆಯ ದಿನ ಅಪ್ಪಾಜಿ ನನ್ನ ಬೆರಳು ನೋಡಿದರು. "ಉಂಗುರ ಎಲ್ಲೈತಲೇ?" ಅಂದರು. ಛತ್ರದ ತುಂಬ ನೆಂಟರು. ಸುಳ್ಳು ಬಾಯಿಗೆ ಬರಲಿಲ್ಲ.

"ನಮ್ಮವ್ವ ಕೂಲಿ ಮಾಡಿ ಮಾಡಿಸಿದ್ದಲೇ ಅದು. ಗಿಟಾರು ಹೊಟ್ಟಿ ತುಂಬಿಸ್ತತೇನು?"

ಅಷ್ಟೇ ಮಾತು. ಅದಾದ ಮೇಲೆ ಎರಡು ವರ್ಷ ಅಪ್ಪಾಜಿ ನನ್ನ ಜೊತೆ ನೇರವಾಗಿ ಮಾತಾಡಲಿಲ್ಲ. ನಾನು ಬೆಂಗಳೂರಿಗೆ ಬಂದು ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಬಿಲ್ ಬರೆಯುವ ಕೆಲಸಕ್ಕೆ ಸೇರಿದೆ. ಫೋನ್ ಮಾಡಿದರೆ ಅವ್ವನೇ ತೆಗೆಯೋದು. "ಅವನು ಉಂಡನೇನು ಕೇಳು" ಅಂತ ಹಿಂದಿನಿಂದ ಅಪ್ಪಾಜಿ ದನಿ ಕೇಳ್ತಿತ್ತು. ಆಮೇಲೆ ಅದೂ ಇಲ್ಲ.

ಮೊದಲ ಷೋ ಫ್ಲಾಪ್

ಅಂಥ ನಾನು ಕೋರಮಂಗಲದ ಮೈಕಿನ ಮುಂದೆ ಏನು ಹಾಡಿದೆ ಗೊತ್ತೇ? ಇಂಗ್ಲಿಷ್ ಹಾಡು! ಅಲ್ಲಿ ಬರುವವರೆಲ್ಲ ಇಂಗ್ಲಿಷಿನವರು, ಅದನ್ನೇ ಹಾಡಿದರೆ ಮರ್ಯಾದೆ ಅಂದುಕೊಂಡಿದ್ದೆ. ಇಂಗ್ಲಿಷಿನಲ್ಲಿ ಜಗಳ ಆಡಲು ಬಾರದವನಿಗೆ ಇಂಗ್ಲಿಷಿನಲ್ಲಿ ವಿರಹ ಬೇಕಿತ್ತೇ?

ಮೊದಲ ಪಲ್ಲವಿ ಹೇಗೋ ದಾಟಿತು. ಆಮೇಲೆ ಬಂತು ನೋಡಿ 'ಎಫ್' ಕಾರ್ಡ್! ಗಿಟಾರ್ ಕಲಿತವರಿಗೆ ಗೊತ್ತು, ತೋರುಬೆರಳೊಂದನ್ನೇ ಅಡ್ಡ ಮಲಗಿಸಿ ಆರೂ ತಂತಿ ಒತ್ತಬೇಕು. ಮನೆಯಲ್ಲಿ ಬರುತ್ತಿತ್ತು. ಬೆವರಿದ ಕೈಗೆ ಬರಲಿಲ್ಲ. ತಂತಿಗಳು ತಗಡಿನಂತೆ ಬುರ್ ಅಂದವು. ಆ ಗಾಬರಿಯಲ್ಲಿ ಸಾಲು ಮರೆತೆ. ಮುಂದಿನ ಸಾಲಲ್ಲ, ಇಡೀ ಹಾಡು! ಅರ್ಧಕ್ಕೆ ನಿಲ್ಲಿಸಿ "ಸಾರಿ" ಅಂದೆ. ಚಪ್ಪಾಳೆ ಬಿತ್ತು. ಓಪನ್ ಮೈಕಿನಲ್ಲಿ ಎಲ್ಲರಿಗೂ ಬೀಳುತ್ತದೆ. ಆದರೆ ಮೆಚ್ಚಿದ ಚಪ್ಪಾಳೆಗೂ 'ಅಯ್ಯೋ ಪಾಪ' ಚಪ್ಪಾಳೆಗೂ ವ್ಯತ್ಯಾಸ ಕಿವಿಗೆ ಗೊತ್ತಾಗದೇ ಇರುತ್ತದೆಯೇ?

ಬಾಗಿಲ ಕಡೆ ನಡೆದೆ. ಉಂಗುರ ನೆನಪಾಯಿತು. ಗಿಟಾರನ್ನು ಮಾರಿ ಉಂಗುರ ಬಿಡಿಸಿಕೊಂಡು ಊರಿಗೆ ಹೋಗಿಬಿಡೋಣ ಅನ್ನಿಸಿತು. ಮಾರಿದ ಉಂಗುರ ಎಲ್ಲಿ ಸಿಗುತ್ತೆ!

ಅರ್ಥವಾಗದ ಹಾಡು

ಹೊರಗೆ ಜೋರು ಮಳೆ. ಹೋಗಲಾಗದೆ ಹಿಂದಿನ ಕುರ್ಚಿಯಲ್ಲಿ ಕೂತೆ. ಆಗ ಒಬ್ಬ ಹುಡುಗ ಬಂದ. ನನ್ನ ವಯಸ್ಸಿನವನೇ. ಊರು ಮಿಜೋರಾಂ, ಇಲ್ಲಿ ಹೋಟೆಲ್ ಕೆಲಸ. "ಇದು ನಮ್ಮ ಭಾಷೆ ಹಾಡು, ನಿಮಗೆ ತಿಳಿಯಲ್ಲ" ಅಂತ ನಕ್ಕು ಶುರು ಮಾಡಿದ. ಮೂರೇ ಕಾರ್ಡು. ಎಫ್ ಇಲ್ಲ, ಗಿಫ್ ಇಲ್ಲ! ಕಣ್ಣು ಮುಚ್ಚಿ ತಾಯಿಯ ಹತ್ತಿರ ಮಾತಾಡಿದ ಹಾಗೆ ಹಾಡಿದ. ಒಂದು ಪದ ಅರ್ಥವಾಗಲಿಲ್ಲ. ಆದರೆ ಕಾಫಿ ಮೆಷಿನ್ನಿನ ಹುಡುಗ ಮೆಷಿನ್ ನಿಲ್ಲಿಸಿದ. ಮೊಬೈಲ್ ನೋಡುತ್ತಿದ್ದವರು ತಲೆ ಎತ್ತಿದರು.

ಅವತ್ತು ನನಗೆ ತಿಳಿಯಿತು. ಈ ಮೈಕಿಗೆ ದೊಡ್ಡಸ್ತಿಕೆ ಬೇಡ. ನಿನ್ನದು ಯಾವುದೋ ಅದು ಬೇಕು.

ಆಮೇಲೆ ಹುಡುಕಿ ಓದಿದೆ. ಅಮೆರಿಕದ ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜ್‌ನಲ್ಲಿ 'ಗರ್ಡೀಸ್ ಫೋಕ್ ಸಿಟಿ' ಅಂತ ಒಂದು ಜಾಗ ಇತ್ತು. ಪ್ರತಿ ಸೋಮವಾರ ರಾತ್ರಿ ಹೊಸಬರಿಗೆ ವೇದಿಕೆ. 1961ರಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಗಿಟಾರ್ ಹಿಡಿದು ಆ ಬೀದಿಗಳಿಗೆ ಬಂದ. ದನಿ ಒರಟು. ಆದರೆ ತನ್ನದೇ ದನಿ. ಆತ ಬಾಬ್ ಡಿಲನ್, 2016ರಲ್ಲಿ ಸಾಹಿತ್ಯಕ್ಕೆ ನೊಬೆಲ್ ಪಡೆದವ! 2024ರಲ್ಲಿ ಆತನ ಕತೆಯೇ ಚಿತ್ರವಾಗಿ ಬಂತು. ಇನ್ನೊಂದು ಚಿತ್ರ, 2007ರ ಐರ್ಲೆಂಡಿನ 'ಒನ್ಸ್'. ಅದರ ನಾಯಕ ಗ್ಲೆನ್ ಹ್ಯಾನ್ಸರ್ಡ್ ಡಬ್ಲಿನ್ನಿನ ಬೀದಿಯಲ್ಲಿ ನಿಂತು ಹಾಡ್ತಾನೆ. ಅವನ ಗಿಟಾರ್ ನೋಡಿ, ಉಜ್ಜಿ ಉಜ್ಜಿ ಮರವೇ ತೂತು ಬಿದ್ದಿದೆ! ಪುಟ್ಟ ಬಜೆಟ್ಟಿನ ಆ ಚಿತ್ರದ ಹಾಡಿಗೆ ಆಸ್ಕರ್ ಬಂತು. ನಮ್ಮ ಮೈಸೂರಿನ ರಘು ದೀಕ್ಷಿತ್ ಅವರನ್ನೇ ನೋಡಿ. ಲುಂಗಿ ಉಟ್ಟು, ಗಿಟಾರ್ ಹಿಡಿದು, ಶಿಶುನಾಳ ಶರೀಫರ ಪದಗಳನ್ನು ಪರದೇಶದ ವೇದಿಕೆಯಲ್ಲಿ ಹಾಡಿದವರು.

ಅಪ್ಪಾಜಿಯ ಹಾಡು

ಮತ್ತೆ ಹೋಗಲು ನನಗೆ ಮೂರು ತಿಂಗಳು ಬೇಕಾಯಿತು. ಹಾಡು ಯಾವುದು ಅಂತ ಯೋಚಿಸಬೇಕಾಗಲಿಲ್ಲ. ಗಡ್ಡ ಹೆರೆಯುವಾಗಿನ ಹಾಡು!

ಆದರೆ ಕಷ್ಟ ಬೇರೆ ಇತ್ತು. ಚಿತ್ರದಲ್ಲಿ ಪಲ್ಲವಿಗೂ ಚರಣಕ್ಕೂ ನಡುವೆ ವಾದ್ಯಗಳ ದೊಡ್ಡ ಮ್ಯೂಸಿಕ್ ಬಿಟ್ ಬರುತ್ತೆ. ಒಂದು ಗಿಟಾರಿನಲ್ಲಿ ಅದನ್ನೆಲ್ಲ ತರೋಕೆ ಹೋಗಿ ಬೆರಳು ಊದಿತು. ಕೊನೆಗೆ ಬಿಟ್ಟೆ. ಹೆಬ್ಬೆರಳಿನಲ್ಲಿ ದಪ್ಪ ತಂತಿ ಮೀಟಿ ತಾಳ ಹಿಡಿದೆ, ಉಳಿದ ಬೆರಳಿನಲ್ಲಿ ತೆಳು ತಂತಿ. ಬಿಟ್ ಬರುವ ಜಾಗದಲ್ಲಿ ಸುಮ್ಮನೆ ನಾಲ್ಕು ಆವರ್ತ. ಕೇಳುವವರ ತಲೆಯಲ್ಲೇ ಆ ವಾದ್ಯಗಳು ನುಡಿಯುತ್ತವೆ ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಎಸ್ಪಿಬಿಯವರ ಎತ್ತರ ನನ್ನ ಗಂಟಲಿಗೆ ಎಲ್ಲಿಂದ ಬರಬೇಕು? ಶ್ರುತಿ ಕೆಳಗಿಳಿಸಿದೆ. ಕತ್ತಿಗೆ ಕೇಪೋ ಕ್ಲಿಪ್ ಹಾಕಿ ಕೈಗೆ ಸುಲಭವಾದ ಕಾರ್ಡುಗಳಲ್ಲೇ ಕೂರಿಸಿಕೊಂಡೆ. ಎಫ್‌ಗೆ ನಮಸ್ಕಾರ ಹೇಳಿದೆ!

ಗಿಟಾರ್ ಹಿಡಿದಿರುವ ತಮ್ಮಂದಿರಿಗೆ ಅನುಭವದ ನಾಲ್ಕು ಮಾತು. ಒಳಗೆ ಹೋದ ಮೇಲೆ ಶ್ರುತಿ ಮಾಡಿಕೊಳ್ಳಿ, ಏಸಿಯ ತಂಪಿಗೆ ತಂತಿ ಬದಲಾಗುತ್ತೆ. ಒಂದು ಜೊತೆ ಹೊಸ ತಂತಿ ಚೀಲದಲ್ಲಿರಲಿ. ಮನೆಯಲ್ಲಿ ನಿಂತುಕೊಂಡೇ ಅಭ್ಯಾಸ ಮಾಡಿ, ಅಲ್ಲಿ ಮಂಚ ಇರೋದಿಲ್ಲ. ನಿಮ್ಮ ಹಾಡು ಮುಗಿದ ಕೂಡಲೇ ಗಿಟಾರ್ ಎತ್ತಿಕೊಂಡು ಓಡಬೇಡಿ, ಉಳಿದವರದ್ದೂ ಕೇಳಿ. ನನಗೆ ದಾರಿ ಸಿಕ್ಕಿದ್ದು ಹಾಡಿದ್ದರಿಂದಲ್ಲ, ಮಳೆಗೆ ಸಿಕ್ಕಿ ಕೇಳಿದ್ದರಿಂದ.

ಅವತ್ತು ಹಾಡಿದೆ. ಕೈ ನಡುಗಿತು, ಆದರೆ ನಿಲ್ಲಲಿಲ್ಲ. ಎರಡನೇ ಪಲ್ಲವಿಗೆ ಮೂಲೆಯಲ್ಲಿ ಯಾರೋ ದನಿಗೂಡಿಸಿದರು. ಆಮೇಲೆ ಇನ್ನಿಬ್ಬರು. ಕೊನೆಗೆ ಕಾಫಿ ಮೆಷಿನ್ನಿನ ಹುಡುಗನೂ! ಅವನು ಹಾಸನದವನಂತೆ, ಅಲ್ಲಿವರೆಗೂ ನನಗೆ ಗೊತ್ತೇ ಇರಲಿಲ್ಲ.

"ಎಷ್ಟು ಕೊಟ್ರಲೇ?"

ಜೊತೆಗೆ ಬಂದಿದ್ದ ಗೆಳೆಯ ಮೊಬೈಲಿನಲ್ಲಿ ವಿಡಿಯೋ ತೆಗೆದಿದ್ದ. ಅಕ್ಕನಿಗೆ ಕಳಿಸಿದೆ. ಅವಳು ಅಪ್ಪಾಜಿಗೆ ತೋರಿಸಿದ್ದಾಳೆ.

ಮರುದಿನ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದೆ. ಫೋನ್ ಬಂತು. ಅವ್ವ ಅಂದುಕೊಂಡು ತೆಗೆದೆ.

"ಎಷ್ಟು ಕೊಟ್ರಲೇ?"

ಅಪ್ಪಾಜಿ! ನನ್ನ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

"ಏನೂ ಇಲ್ಲ ಅಪ್ಪಾಜಿ."

"ಕಾಫಿನಾದ್ರೂ?"

"ನಾನೇ ದುಡ್ಡು ಕೊಟ್ಟು ಕುಡಿದೆ."

ಆ ಕಡೆ ಮಾತಿಲ್ಲ. ಬಸ್ಸೊಂದು ಹಾರ್ನ್ ಹೊಡೆದ ಸದ್ದು. ಹೊಟ್ಟೆ ತುಂಬಿಸುತ್ತಾ ಅಂತ ಮತ್ತೆ ಕೇಳ್ತಾರೆ, ಕೇಳಿದರೆ ಇಲ್ಲ ಅಂತ ನಿಜ ಹೇಳಿಬಿಡೋಣ ಅಂತ ಕಾದೆ. ಉಂಗುರದ ವಿಷಯ ತೆಗೀತಾರೆ, ತಪ್ಪಾಯ್ತು ಅನ್ನೋಣ ಅಂತ ಕಾದೆ. ಎರಡೂ ಬರಲಿಲ್ಲ.

"ಎರಡನೇ ಚರಣದಾಗ ಒಂದು ಪದ ತಪ್ಪು ಹಾಡೀಯಲ್ಲೋ" ಅಂದರು. "ಉದಯಶಂಕರ್ ಬರೆದದ್ದು ಹಂಗಲ್ಲ. ಕೇಳು."

ಕೇಳಿದೆ. ಎಸ್.ಪಿ. ರಸ್ತೆಯ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಕೇಳಿದೆ. ಏಳು ಸಲ ಸಿನಿಮಾ ನೋಡಿದ ಮನುಷ್ಯ ಪಲ್ಲವಿಯಿಂದ ಹಿಡಿದು ಇಡೀ ಹಾಡು ಹಾಡಿದರು. ಗಿರಾಕಿಗಳು ಕಾಯ್ತಾ ಇದ್ದರು, ಕಾಯಲಿ ಬಿಡಿ!

ಶ್ರುತಿ ಹೇಗಿತ್ತು ಅಂತೀರಾ? ನನಗಿಂತ ಚೆನ್ನಾಗಿತ್ತು.